ಎಸ್ಸೆಸ್ಸೆಲ್ಸಿ ಆದ ಮಗಳಿಗೆ ಸರಕಾರಿ ಪಾಲಿಟೆಕ್ನಿಕ್



"ಮಗಳು ಪಾಸಾದಳು, ಇನ್ನು ಓದಿಸ್ಲಿಕ್ಕೆ ದುಡ್ಡೆಲ್ಲಿದೆ?" ಈ ಮಾತು ಸಂಘದ ಸಭೆಗಳಲ್ಲಿ ಆಗಾಗ ಬರುತ್ತದೆ. ಸರಕಾರಿ ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಇದಕ್ಕೊಂದು ಒಳ್ಳೆಯ ದಾರಿ. ಮಂಗಳೂರಿನ ಬೋಂದೆಲ್‌ನಲ್ಲಿ ಇರುವಂತೆ ಹೆಣ್ಣುಮಕ್ಕಳಿಗೇ ಮೀಸಲಾದ ಪಾಲಿಟೆಕ್ನಿಕ್‌ಗಳೂ ಇವೆ.

ಸೇರುವುದು ಹೇಗೆ?
ಸೀಟು ಸಿಗುವುದು ಎಸ್ಸೆಸ್ಸೆಲ್ಸಿ ಅಂಕ ಮತ್ತು ಮೀಸಲಾತಿಯ ಮೇಲೆ. ಡೊನೇಶನ್ ಇಲ್ಲ, ಮಧ್ಯವರ್ತಿ ಕೇಳಿದರೆ ಕೊಡಬೇಡಿ. ಜಾತಿ, ಆದಾಯ ಪ್ರಮಾಣ ಪತ್ರಗಳನ್ನು ನಾಡಕಚೇರಿಯಿಂದ ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ. ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪತ್ರಗಳನ್ನು ಓದಿದ ಶಾಲೆಯಿಂದ ಪಡೆಯಿರಿ. ಇವಿಲ್ಲದಿದ್ದರೆ ಸಿಗಬೇಕಾದ ಮೀಸಲಾತಿಯೂ ತಪ್ಪುತ್ತದೆ.

ಖರ್ಚು ಎಷ್ಟು?
ಶುಲ್ಕ ವರ್ಷಕ್ಕೆ ಕೆಲವು ಸಾವಿರ. ಪುಸ್ತಕ, ಡ್ರಾಯಿಂಗ್ ಸಾಮಾನು, ಪರೀಕ್ಷಾ ಶುಲ್ಕ ಬೇರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸಾದರೆ ಟಿಕೆಟ್ ದುಡ್ಡನ್ನೂ ಲೆಕ್ಕ ಹಾಕಿ. ದೂರದವರು ಸರಕಾರಿ ಹಾಸ್ಟೆಲಿಗೆ ಬೇರೆಯೇ ಅರ್ಜಿ ಹಾಕಬೇಕು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಹಣ ತಡವಾಗಿ ಬರಬಹುದು. ಅಲ್ಲಿಯವರೆಗೆ ಬೇಕಾದಷ್ಟೇ ಸಂಘದಿಂದ ಆಂತರಿಕ ಸಾಲ ಪಡೆದು, ವೇತನ ಬಂದ ಕೂಡಲೇ ಕಟ್ಟಿಬಿಡಿ. ಬಡ್ಡಿಯವರ ಹತ್ತಿರ ಹೋಗುವುದು ಬೇಡ.

ಸೇರಿದ ಮೇಲೆ?
ಕನ್ನಡ ಮಾಧ್ಯಮದವರಿಗೆ ಮೊದಲ ತಿಂಗಳುಗಳಲ್ಲಿ ಇಂಗ್ಲಿಷ್ ಪಾಠ ಕಷ್ಟ. "ನನ್ನಿಂದಾಗುದಿಲ್ಲ" ಎಂದು ಮಗಳು ಅತ್ತರೆ ಬಿಡಿಸಬೇಡಿ, ಹೋಗಿ ಉಪನ್ಯಾಸಕರ ಹತ್ತಿರ ಮಾತಾಡಿ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ; ಆದ್ದರಿಂದ ಮನೆಗೆಲಸಕ್ಕೆಂದು ಕಾಲೇಜು ತಪ್ಪಿಸಬೇಡಿ. ಡಿಪ್ಲೊಮಾ ಮುಗಿದರೆ ಕೆಲಸಕ್ಕೂ ಹೋಗಬಹುದು, ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಸೇರಬಹುದು.

ಮುಂದಿನ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿರಿ.