ಮಾಡಲಾರದ ಕೈಗೆ ಮಾಡಗೊಡುವವರು

‘ಕರ’ ಎಂಬ ಶಬ್ದವು ಮಾಡುವುದೆಂಬರ್ಥದ ‘ಕೃ’ ಧಾತುವಿನಿಂದ ಹುಟ್ಟಿದುದು. ಈ ವ್ಯುತ್ಪತ್ತಿಯನ್ನು ಮೂವತ್ತು ವರ್ಷ ಬೋಧಿಸಿದ ನಾನು, ಮಾಡಲಾರದ ಕರವೂ ಉಂಟೆಂಬುದನ್ನು ಅರಿಯದೆ ಹೋದೆನು. ನನ್ನ ತರಗತಿಯಲ್ಲಿ ಒಬ್ಬ ಬಾಲಕನಿದ್ದನು. ಬಾಯಿಪಾಠದಲ್ಲಿ ಮೊದಲಿಗನು, ಬರೆವಣಿಗೆಯಲ್ಲಿ ಕಡೆಯವನು. ಸೋಮಾರಿತನವೆಂದೆಣಿಸಿ ದಿನವೂ ಹತ್ತು ಪುಟ ಕಾಪಿ ಬರೆಸಿದೆನು. ವರ್ಷ ತುಂಬುವ ಮೊದಲೇ ಅವನು ಶಾಲೆಯನ್ನು ಬಿಟ್ಟನು.

ಈಚೆಗೆ ನೆರೆಮನೆಯ ಐದು ವರ್ಷದ ಮಗುವಿನೊಡನೆ ಆಸ್ಪತ್ರೆಗೆ ಹೋಗಿದ್ದೆನು. ಸೆರೆಬ್ರಲ್ ಪಾಲ್ಸಿಯ ದೆಸೆಯಿಂದ ಅದರ ಬಲಗೈ ಸ್ವಾಧೀನದಲ್ಲಿರಲಿಲ್ಲ, ಅಜ್ಜಿಯೇ ತುತ್ತಿಡುತ್ತಿದ್ದರು. ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್ ತರುಣಿಯು ಮೊದಲು ನೋಡಿದುದು ಕೈಯನ್ನಲ್ಲ, ನೇತಾಡುತ್ತಿದ್ದ ಕಾಲುಗಳನ್ನು. ಪಾದದಡಿಗೆ ಮಣೆಯಿಟ್ಟೊಡನೆ ಮಗುವಿನ ಬೆನ್ನು ನೆಟ್ಟಗಾಯಿತು. “ಮೈ ನಿಲ್ಲದಿದ್ದರೆ ಕೈ ಆಸರೆ ಹುಡುಕುತ್ತದೆ, ಕೆಲಸ ಮಾಡುವುದು ಹೇಗೆ, ತಾತ?” ಎಂದಳು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿದಳು. ತಟ್ಟೆ ಜಾರದಂತೆ ಅಡಿಯಲ್ಲಿ ಒದ್ದೆಬಟ್ಟೆ ಹಾಸಿದಳು. ಅಂಗಿ ತೊಡಿಸುವಾಗ ಬಲಹೀನವಾದ ಕೈಯನ್ನು ಮೊದಲು ತೂರಿಸಬೇಕು, ಕಳಚುವಾಗ ಅದನ್ನು ಕಡೆಗೆ ಬಿಡಿಸಬೇಕು. ಕೊನೆಯ ಎಳೆತವನ್ನು ಮಾತ್ರ ಮಗುವಿಗೆ ಉಳಿಸಿ, ಕ್ರಮೇಣ ಹಿಂದಿನ ಹೆಜ್ಜೆಗಳನ್ನೂ ಅದಕ್ಕೇ ಒಪ್ಪಿಸಬೇಕು. ಹೀಗಾದರೆ ಪ್ರತಿದಿನವೂ ಕೆಲಸವನ್ನು ಮುಗಿಸಿದ ಸಂತೋಷವು ಮಗುವಿನದಾಗುವುದು.

ಇಲ್ಲಿ ‘ಆಕ್ಯುಪೇಷನ್’ ಎಂದರೆ ಸಂಬಳದ ಉದ್ಯೋಗವೆಂದು ವಾಚಕರು ಭ್ರಮಿಸಬಾರದು. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು, ಇವೇ ಶಿಶುವಿನ ಉದ್ಯೋಗಗಳು. ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಿದವರು, 1900ರಲ್ಲಿ ಅಮೆರಿಕೆಯಲ್ಲಿ ಜನಿಸಿ ಭಾರತೀಯರನ್ನು ವರಿಸಿದ ಶ್ರೀಮತಿ ಕಮಲಾ ನಿಂಬ್ಕರ್ ಅವರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವೂ ಸ್ಥಾಪಿತವಾಯಿತು. ನಮ್ಮ ಮಣಿಪಾಲದಲ್ಲಿಯೂ ಇದರ ಪದವಿ ವ್ಯಾಸಂಗವುಂಟು. ಶರೀರರಚನೆ, ನರಶಾಸ್ತ್ರ, ಮನಶ್ಶಾಸ್ತ್ರಗಳನ್ನು ಕಲಿತು, ಆಸ್ಪತ್ರೆಯಲ್ಲಿ ಅಭ್ಯಾಸಮಾಡಿಯೇ ವೃತ್ತಿಗಿಳಿಯಬೇಕು. ಇದಕ್ಕೆ ಪಾಂಡಿತ್ಯದಷ್ಟೇ ತಾಳ್ಮೆಯೂ ಬೇಕು. ಒಂದು ಗುಂಡಿ ಹಾಕಿಸಲು ತಿಂಗಳುಗಳೇ ಕಳೆಯಬಹುದು.

ಈ ಚಿಕಿತ್ಸೆಯಿಂದ ಮೆದುಳಿನ ಊನವು ಅಳಿಯದು. ಆದರೆ ಊನವಿದ್ದೂ ಬಾಳುವ ದಾರಿ ತೆರೆಯುವುದು. ನಾಲ್ಕು ತಿಂಗಳಾದಮೇಲೆ ಆ ಮಗುವು ತಾನೇ ಚಮಚವನ್ನೆತ್ತಿ ಮೊಸರನ್ನವನ್ನು ಉಂಡಿತು. ಅರ್ಧ ನೆಲದ ಪಾಲಾಯಿತು. ಒರಸಹೊರಟ ಅಜ್ಜಿಯು ಸೆರಗಿನಿಂದ ಕಣ್ಣನ್ನೇ ಮೊದಲು ಒರಸಿಕೊಂಡರು.

ಗೃಹಿಣಿಯರೇ, ಮಗುವು ತಡವರಿಸಿದಾಗ ಕರುಣೆಯಿಂದ ಕೈ ಚಾಚುವ ಮುನ್ನ ಕ್ಷಣಕಾಲ ತಾಳಿರಿ. ಉಪಾಧ್ಯಾಯರೇ, ಅಕ್ಷರವು ವಕ್ರವಾದಾಗ ಕೋಪಿಸುವ ಮುನ್ನ ಆ ಬೆರಳುಗಳನ್ನು ಒಮ್ಮೆ ನೋಡಿರಿ. ನಾನು ನೋಡಲಿಲ್ಲ. ಆ ಬಾಲಕನಿಗೆ ಬೇಕಾಗಿದ್ದುದು ಹತ್ತು ಪುಟದ ಕಾಪಿಯಲ್ಲ. ಕಾಲಡಿಗೆ ಒಂದು ಮಣೆಯೋ, ದಪ್ಪನೆಯ ಒಂದು ಪೆನ್ಸಿಲೋ ಇದ್ದಿರಬಹುದು.