ಎರಡು ಗಣಕ ಭಾಷೆಗಳ ನಡುವೆ ಮರುಕರೆ

ಶಾಸನ, ಕಡತ ಮತ್ತು ಭೂದಾಖಲೆಗಳನ್ನು ನಕ್ಷೆಯ ಮೇಲೆ ಗುರುತಿಸಿ, ಗಣಕಯಂತ್ರದ ಮೂಲಕ ವಾಚಕರ ಮುಂದಿಡುವುದು ಇಂದು ಇತಿಹಾಸ ಸಂಶೋಧನೆಯ ಒಂದು ಅಂಗವಾಗಿದೆ. ನಕ್ಷೆಯ ಬಿಂದುವೊಂದನ್ನು ಒತ್ತಿದಾಗ ಅದಕ್ಕೆ ಸಂಬಂಧಿಸಿದ ದಾಖಲೆಯೇ ತೆರೆಯುವುದೆಂಬ ನಂಬಿಕೆಗೆ ಆಧಾರವೇನು? ಪ್ರಕೃತ ಲೇಖನದಲ್ಲಿ ಇದನ್ನು ವಿವೇಚಿಸುತ್ತೇವೆ.

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಜನವಸತಿಯ ಊರು. ಇದೇ ತಾಲ್ಲೂಕಿನ ದಾಖಲೆಗಳಲ್ಲಿ ಬರುವ ಉಳ್ಳಾರ್ತಿ ಕಾವಲು ಎಂಬುದಾದರೋ ಹುಲ್ಲುಗಾವಲಿನ ಹೆಸರು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ರಾಸುಗಳಿಗೆಂದು ಮೀಸಲಾಗಿದ್ದ ಕಾವಲುಗಳಲ್ಲಿ ಕೆಲವು ಈ ಶತಮಾನದಲ್ಲಿ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದಾಗ, ಮೇವಿನ ಹಕ್ಕಿನ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆದುದರಿಂದ ಊರಿನ ದಾಖಲೆಯು ಕಾವಲಿನ ಹೆಸರಿನಡಿ ಕಾಣಿಸಿಕೊಂಡರೆ ಅದನ್ನು ಅಚ್ಚಿನ ದೋಷದಂತೆ ಕಡೆಗಣಿಸಲಾಗದು.

ದಾಖಲೆಗಳನ್ನು ಹುಡುಕುವ ಭಾಗವನ್ನು ಜಾವಾ ಭಾಷೆಯಲ್ಲಿ ಬರೆದಿದೆಯೆಂದೂ, ನಕ್ಷೆಯನ್ನು ಬಿಡಿಸಲು ಲೀಫ್ಲೆಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಬಳಸಿದೆಯೆಂದೂ ಭಾವಿಸೋಣ. ಲೀಫ್ಲೆಟ್ ಉಕ್ರೇನಿನ ವ್ಲಾದಿಮಿರ್ ಅಗಾಫೊಂಕಿನ್ ಅವರಿಂದ 2011ರಲ್ಲಿ ಹೊರಬಂದಿತು. ಬಿಂದುವನ್ನು ವಾಚಕರು ಯಾವಾಗ ಒತ್ತುವರೆಂಬುದನ್ನು ಅರಿಯುವುದು ಲೈಬ್ರರಿ. ಆಗ ಏನು ಮಾಡಬೇಕೆಂಬುದನ್ನು ಬಲ್ಲದ್ದು ಜಾವಾ ಭಾಗ. ಆದ್ದರಿಂದ ಜಾವಾ ಭಾಗವು ಒಂದು ಫಂಕ್ಷನ್ನನ್ನು ಮುಂಚಿತವಾಗಿಯೇ ಲೈಬ್ರರಿಯ ಕೈಗೆ ಕೊಟ್ಟು, ಸಮಯ ಬಂದಾಗ ಅದನ್ನು ಕರೆಯಬೇಕೆಂದು ಹೇಳಿರುತ್ತದೆ. ಇದೇ ಕಾಲ್‌ಬ್ಯಾಕ್; ನಾವು ಇದನ್ನು ಮರುಕರೆ ಎನ್ನುತ್ತೇವೆ.

ಎರಡು ಭಾಷೆಗಳೂ 1995ರಲ್ಲಿ ಪ್ರಕಟವಾದುವು. ಜಾವಾ ಸನ್ ಸಂಸ್ಥೆಯದು. ಜಾವಾಸ್ಕ್ರಿಪ್ಟ್ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರದು. ಹೆಸರಿನಲ್ಲಿ ಹೋಲಿಕೆಯಿದ್ದರೂ ರಚನೆಯಲ್ಲಿ ಇವು ಬೇರೆ ಬೇರೆ. 2006ರಲ್ಲಿ ಗೂಗಲ್ ಸಂಸ್ಥೆಯು ಹೊರತಂದ ಜಿಡಬ್ಲ್ಯುಟಿ ಎಂಬ ಸಾಧನವು ಜಾವಾದಲ್ಲಿ ಬರೆದುದನ್ನು ಜಾವಾಸ್ಕ್ರಿಪ್ಟಿಗೆ ಪರಿವರ್ತಿಸಿ, ಎರಡನ್ನೂ ಒಂದೇ ಬ್ರೌಸರಿನಲ್ಲಿ ನಡೆಯುವಂತೆ ಮಾಡಿತು. ಎರಡರ ನಡುವಣ ಗಡಿಯನ್ನು ದಾಟಲು ಅದು ಒದಗಿಸಿದ ಮೊದಲ ಮಾರ್ಗ ಜೆಎಸ್‌ಎನ್‌ಐ. ಈ ಮಾರ್ಗದಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸತಕ್ಕದ್ದು.

ಮೊದಲನೆಯದು ಹೆಸರು. ಪರಿವರ್ತನೆಯ ಕಾಲದಲ್ಲಿ ಕಂಪೈಲರು ಫಂಕ್ಷನ್ನುಗಳ ಹೆಸರುಗಳನ್ನು ಒಂದೆರಡು ಅಕ್ಷರಗಳಿಗೆ ಮೊಟಕುಗೊಳಿಸುತ್ತದೆ; ಯಾರೂ ಕರೆಯದ ಫಂಕ್ಷನ್ನುಗಳನ್ನು ತೆಗೆದುಹಾಕುತ್ತದೆ. ಆದಕಾರಣ ಲೈಬ್ರರಿಗೆ ಮೂಲದ ಹೆಸರನ್ನು ಹೇಳಿದರೆ ಪ್ರಯೋಜನವಿಲ್ಲ, ಫಂಕ್ಷನ್ನನ್ನೇ ಒಪ್ಪಿಸಬೇಕು.

ಎರಡನೆಯದು ಒಡೆತನ. ಜಾವಾಸ್ಕ್ರಿಪ್ಟಿನಲ್ಲಿ 'ದಿಸ್' ಎಂಬ ಪದದ ಅರ್ಥವು ಸಾಮಾನ್ಯವಾಗಿ ಫಂಕ್ಷನ್ನನ್ನು ಕರೆದ ರೀತಿಯಿಂದ ನಿಶ್ಚಯವಾಗುತ್ತದೆ. ಬಿಂದುವನ್ನು ಒತ್ತಿದಾಗ ಅದು ಜಾವಾದ ದಾಖಲೆ-ವಸ್ತುವನ್ನಲ್ಲದೆ ನಕ್ಷೆಯ ಬಿಂದುವನ್ನೇ ಸೂಚಿಸಿಬಿಡುತ್ತದೆ. ಒಪ್ಪಿಸುವ ಮೊದಲೇ ಮೂಲವಸ್ತುವನ್ನು ಬೇರೊಂದು ಹೆಸರಿನಲ್ಲಿ ಹಿಡಿದಿಟ್ಟು, ಮರುಕರೆಯ ಒಳಗೆ ಆ ಹೆಸರನ್ನೇ ಬಳಸುವುದು ಇದಕ್ಕೆ ಪರಿಹಾರ.

ಇಲ್ಲಿ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ನೆನೆಯಬಹುದು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಈ ಶಾಸನದ ಆಜ್ಞೆಯು ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಹೋದುದು. ಲಿಪಿಕಾರ ಚಪಡನು ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ತನ್ನ ಪದವಿಯನ್ನು ಸೂಚಿಸುವ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆಜ್ಞೆಯು ಜಾರಿಗೆ ಬಂದುದು ಇಸಿಲದಲ್ಲಿ. ಆದರೆ ಅದು ಯಾರದೆಂಬುದು ಅದರೊಡನೆಯೇ ಪ್ರಯಾಣ ಮಾಡಿತು. ಮರುಕರೆಗೂ ಇದು ಅಷ್ಟೇ ಅಗತ್ಯ.

ಮೂರನೆಯದು ದೋಷದ ವರದಿ. ಲೈಬ್ರರಿಯು ಕರೆದಾಗ ಜಾವಾ ಭಾಗದಲ್ಲಿ ದೋಷವುಂಟಾದರೆ, ಅದು ಜಾವಾದ ದೋಷನಿರ್ವಾಹಕನಿಗೆ ತಲುಪದೆ ಹೋಗಬಹುದು. ವಾಚಕರಿಗೆ ಕಾಣುವುದು ತೆರೆಯದ ಪುಟ ಮಾತ್ರ. ಅವರು ಆ ಊರಿಗೆ ದಾಖಲೆಯೇ ಇಲ್ಲವೆಂದು ತಿಳಿದಾರು. ಮರುಕರೆಯನ್ನು 'ಡಾಲರ್ ಎಂಟ್ರಿ' ಎಂಬ ಹೊದಿಕೆಯಲ್ಲಿಟ್ಟು ಒಪ್ಪಿಸಿದರೆ, ದೋಷವು ಸಲ್ಲಬೇಕಾದ ಕಡೆಗೆ ಸಲ್ಲುತ್ತದೆ.

ನಾಲ್ಕನೆಯದು ಹಿಂತೆಗೆತ. ನಾಲ್ಕರಲ್ಲಿ ಹೆಚ್ಚು ಅಪಾಯಕರವಾದುದು ಇದೇ. ಒಪ್ಪಿಸಿದ ಫಂಕ್ಷನ್ನನ್ನು ಹಿಂತೆಗೆಯಬೇಕಾದರೆ ಅದೇ ಫಂಕ್ಷನ್ನನ್ನು ತೋರಿಸಬೇಕು. ಅದರಂತೆಯೇ ಇರುವ ಇನ್ನೊಂದನ್ನು ಲೈಬ್ರರಿ ಗುರುತಿಸುವುದಿಲ್ಲ. ಪ್ರತಿಸಲವೂ ಹೊಸ ಹೊದಿಕೆಯನ್ನು ರಚಿಸಿದರೆ ಹಳೆಯದು ಹೋಗದೆ ಉಳಿಯುತ್ತದೆ. ಒಂದೇ ಬಿಂದುವನ್ನು ಮೊದಲು ಊರಿಗೂ ಅನಂತರ ಕಾವಲಿಗೂ ಬಳಸಿದ್ದರೆ, ಒಮ್ಮೆ ಒತ್ತಿದಾಗ ಎರಡು ಮರುಕರೆಗಳೂ ನಡೆಯುವುವು. ಅವುಗಳಲ್ಲಿ ಊರಿನ ದಾಖಲೆ ತಡವಾಗಿ ಬಂದರೆ, ಕಾವಲಿನ ಶೀರ್ಷಿಕೆಯಡಿ ಅದೇ ನಿಲ್ಲುತ್ತದೆ. ಯಾವ ದೋಷವೂ ವರದಿಯಾಗುವುದಿಲ್ಲ. ಪುಟವು ನೋಡಲು ಸರಿಯಾಗಿಯೇ ಇರುತ್ತದೆ.

2016ರಲ್ಲಿ ಬಂದ ಜಿಡಬ್ಲ್ಯುಟಿ 2.8ರ ಜೆಎಸ್‌ಇಂಟರಾಪ್ ಪದ್ಧತಿಯು ಈ ಕಾರ್ಯವನ್ನು ಬಹುಮಟ್ಟಿಗೆ ಸುಲಭಗೊಳಿಸಿತು. ಒಂದೇ ವಿಧಾನವುಳ್ಳ ಜಾವಾ ಇಂಟರ್‌ಫೇಸಿಗೆ 'ಜೆಎಸ್‌ಫಂಕ್ಷನ್' ಎಂಬ ಗುರುತನ್ನಿಟ್ಟರೆ, ಅದರ ವಸ್ತುವು ತಾನೇ ಜಾವಾಸ್ಕ್ರಿಪ್ಟ್ ಫಂಕ್ಷನ್ನಾಗಿ ಗಡಿ ದಾಟುತ್ತದೆ. ಮೂಲವಸ್ತುವಿನ ಸಂಬಂಧವೂ ಕಡಿಯುವುದಿಲ್ಲ. ಹಾಗಿದ್ದರೂ ಒಪ್ಪಿಸಿದ ವಸ್ತುವನ್ನು ಒಂದು ಹೆಸರಿನಲ್ಲಿ ಕಾದಿಟ್ಟುಕೊಂಡು, ಹಿಂತೆಗೆಯುವಾಗ ಅದನ್ನೇ ಕೊಡಬೇಕೆಂಬ ನಿಯಮವು ತಪ್ಪುವುದಿಲ್ಲ.

ಇತಿಹಾಸಕಾರರು ಆಧಾರವೊಂದನ್ನು ಸ್ವೀಕರಿಸುವ ಮೊದಲು ಅದು ಯಾರದು, ಯಾರ ಕೈಯಿಂದ ಬಂದಿತು, ರದ್ದಾದುದೋ ಊರ್ಜಿತದಲ್ಲಿರುವುದೋ ಎಂದು ವಿಚಾರಿಸುವರು. ಗಣಕದ ನಕ್ಷೆಯನ್ನು ಸಿದ್ಧಪಡಿಸುವವರು ಪ್ರತಿಯೊಂದು ಮರುಕರೆಯ ವಿಷಯದಲ್ಲಿಯೂ ಇವೇ ಪ್ರಶ್ನೆಗಳನ್ನು ಕೇಳಬೇಕು. ಅಲ್ಲದೆ, ದಾಖಲೆಯೊಡನೆ ಅದರ ಗ್ರಾಮದ ಹೆಸರು ಮತ್ತು ಕ್ರಮಾಂಕವನ್ನು ಸಹ ತೆರೆಯ ಮೇಲೆ ಮುದ್ರಿಸುವುದು ಯುಕ್ತ. ಹಾಗೆ ಮಾಡಿದಲ್ಲಿ ತಪ್ಪು ನುಸುಳಿದರೂ ವಾಚಕರು ಅದನ್ನು ಹಿಡಿಯಬಲ್ಲರು.