ನಿಂತ ಟ್ರ್ಯಾಕ್ಟರಿನ ಜೋಪಾನ

ಹಿಂಗಾರಿ ಜೋಳದ ಬಿತ್ತಿಗೆ ಮುಗಿದು ಕೂರಿಗೆ ಮನೆಗೆ ಬಂದಿತೆಂದರೆ ನಮ್ಮ ಅಕ್ಕಲಕೋಟ, ಜತ್ತ ಭಾಗದ ಒಣಬೇಸಾಯದ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆ ಬಿಡುವು. ಕಬ್ಬು ಸಾಗಿಸುವವರ ಮಾತು ಬೇರೆ. ಅವರ ಯಂತ್ರಕ್ಕೆ ಚಳಿಗಾಲವೇ ಸುಗ್ಗಿ. ಉಳಿದವರ ಟ್ರ್ಯಾಕ್ಟರು ಸೀಗಿಹುಣ್ಣಿಮೆಯ ಆಚೆಗೆ ನಿಂತದ್ದು ಬಹುಮಟ್ಟಿಗೆ ರಾಶಿಯ ಹೊತ್ತಿಗೇ ಏಳುವುದು. ಎತ್ತಿಗೆ ಕೆಲಸವಿಲ್ಲದ ದಿನವೂ ಮೇವು ನೀರು ತಪ್ಪಿಸದ ನಾವು, ಟ್ರ್ಯಾಕ್ಟರನ್ನು ಮಾತ್ರ ಹೊಲದ ಮಣ್ಣಿನೊಡನೆಯೇ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಚಾವಿಯನ್ನು ಗೂಟಕ್ಕೆ ಹಾಕಿಬಿಡುತ್ತೇವೆ. ಕಬ್ಬಿಣಕ್ಕೆ ಹಸಿವೆ ಎಲ್ಲಿಯದು ಎಂದು ನಮ್ಮ ತಿಳುವಳಿಕೆ. ಆದರೆ ದುಡಿಯುವ ಯಂತ್ರ ಸವೆಯುವಂತೆ ನಿಂತ ಯಂತ್ರವೂ ಕೆಡುತ್ತದೆ. ಕೆಟ್ಟದ್ದು ಗೊತ್ತಾಗುವುದು ಮಾತ್ರ ಕೆಲಸ ಬಂದ ದಿನ.

ನಾವೂ ಹೀಗೆ ಪೆಟ್ಟು ತಿಂದವರೇ. ಒಂದು ಎಳ್ಳಮಾವಾಸ್ಯೆಯ ಮುಂಜಾನೆ, ಚರಗ ಚೆಲ್ಲಲು ಹೊಲಕ್ಕೆ ಹೊರಟಿದ್ದೆವು. ಸಜ್ಜೆ ರೊಟ್ಟಿ, ಬಜ್ಜಿಪಲ್ಲೆಯ ಬುಟ್ಟಿಗಳು ಟ್ರಾಲಿಯಲ್ಲಿ ಏರಿದ್ದವು. ಹೆಣ್ಣುಮಕ್ಕಳು, ಮಕ್ಕಳು ಕುಳಿತಾಗಿತ್ತು. ಚಾವಿ ತಿರುವಿದರೆ ಟಕ್ ಎಂದು ಒಂದೇ ಸದ್ದು, ಮುಂದೆ ಉಸಿರಿಲ್ಲ. ಟ್ರಾಲಿ ಬಿಚ್ಚಿ, ಗೇರಿಗೆ ಹಾಕಿ, ಇಳುಕಲಿನಲ್ಲಿ ತಳ್ಳಿ ನೋಡೋಣವೆಂದು ಹತ್ತು ಜನ ಕೈ ಹಚ್ಚಿದರು. ಕ್ಲಚ್ಚು ಪೂರ್ಣ ಒತ್ತಿದ್ದರೂ ಗಾಲಿ ಬಿಗಿದೇ ನಿಂತಿತ್ತು. ಕಡೆಗೆ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ನಡೆದೆವು. ಹೊಲ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಅದಾದರೂ ನಗುವ ಮಾತಾಯಿತು. ಮಿಸ್ತ್ರಿ ಬಂದು, ಕ್ಲಚ್ಚಿನ ತಟ್ಟೆ ಜಂಗು ಹಿಡಿದು ಅಂಟಿಕೊಂಡಿದೆ ಎಂದು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಿದಾಗ ನಗು ನಿಂತಿತು. ಬ್ಯಾಂಕಿನ ಕಂತಿಗೆಂದು ತೆಗೆದಿಟ್ಟ ಹಣ ಆ ವಾರವೇ ಕರಗಿತು. ಟ್ರ್ಯಾಕ್ಟರಿನ ಜೊತೆಗೆ ನಮಗೆ ಬಂದಿದ್ದ ಪುಸ್ತಕ ಕನ್ನಡದಲ್ಲಿರಲಿಲ್ಲ, ಹಾಗಾಗಿ ಅದು ಪೆಟ್ಟಿಗೆ ಸೇರಿತ್ತು. ಆಮೇಲೆ ಓದಿಸಿ ಕೇಳಿದರೆ, ಯಂತ್ರವನ್ನು ಬಹುದಿನ ನಿಲ್ಲಿಸುವಾಗ ಏನು ಮಾಡಬೇಕೆಂಬುದು ಅದರಲ್ಲಿಯೇ ಇತ್ತು. ಅದನ್ನೂ, ನಾವು ಕಂಡದ್ದನ್ನೂ ಕೂಡಿಸಿ ಇಲ್ಲಿ ಹೇಳುತ್ತೇವೆ.

ಮೊದಲು ತೊಳೆಯಬೇಕು. ಮಣ್ಣು ತೇವ ಹಿಡಿದಿಡುತ್ತದೆ, ತೇವದಿಂದ ಜಂಗು. ಗೊಬ್ಬರ ಬಿತ್ತುವ ಕೂರಿಗೆಯನ್ನಂತೂ ಅದೇ ದಿನ ತೊಳೆಯಿರಿ. ಯೂರಿಯಾ, ಡಿಎಪಿ ಗಾಳಿಯ ನೀರನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಿಡಿ ಉಳಿದರೂ ಮುಂದಿನ ವರ್ಷ ಅಲ್ಲಿ ತೂತು ಕಂಡೀತು. ತೊಳೆದು ಬಿಸಿಲಿಗೆ ಒಣಗಿಸಿದ ಮೇಲೆ ಗ್ರೀಸು ತುಂಬಿದರೆ ಒಳಗೆ ಹೊಕ್ಕ ನೀರು ಹೊರಬೀಳುತ್ತದೆ. ರೆಂಟೆಯ ಕುಳಗಳಿಗೆ ಎಣ್ಣೆ ಬಳಿಯಿರಿ.

ಎಂಜಿನ್ ಎಣ್ಣೆಯನ್ನು ನಿಲ್ಲಿಸುವ ಮೊದಲೇ ಬದಲಿಸಬೇಕು. ಹೇಗೂ ನಿಂತಿರುವುದು, ರಾಶಿಯ ಹೊತ್ತಿಗೆ ಹೊಸದು ಹಾಕಿದರಾಯಿತು ಎನ್ನುವವರೇ ಹೆಚ್ಚು. ಹಳೆಯ ಎಣ್ಣೆಯಲ್ಲಿ ಮಸಿಯ ಜೊತೆಗೆ ಹುಳಿ ಪದಾರ್ಥವೂ ನೀರೂ ಸೇರಿರುತ್ತವೆ. ಅವು ತಿಂಗಳುಗಟ್ಟಲೆ ಒಳಗಿನ ಲೋಹವನ್ನು ಕಚ್ಚುತ್ತ ಕುಳಿತಿರುತ್ತವೆ. ಹೊಸ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಓಡಿಸಿದರೆ ಅದು ಎಲ್ಲ ಭಾಗಕ್ಕೂ ಹರಡುತ್ತದೆ. ಡೀಸೆಲ್ ಟಾಕಿಯನ್ನು ತುಂಬಿಸಿಡಿರಿ. ನಮ್ಮಲ್ಲಿ ಚಳಿಗಾಲದ ಹಗಲು ಬಿಸಿ, ರಾತ್ರಿ ತಂಪು. ಅರ್ಧ ಖಾಲಿ ಟಾಕಿಯೊಳಗಿನ ಗಾಳಿಯ ತೇವ ಹನಿಯಾಗಿ ಡೀಸೆಲ್ಲಿನ ತಳಕ್ಕೆ ಇಳಿಯುತ್ತದೆ. ಆ ನೀರು ಪಂಪನ್ನು ಕೆಡಿಸುವುದಲ್ಲದೆ, ನೀರೂ ಡೀಸೆಲ್ಲೂ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಜಾಲರಿ ಕಟ್ಟುತ್ತದೆ.

ಬ್ಯಾಟರಿಯ ಮಾತು ಸ್ವಲ್ಪ ಉದ್ದ. ಕೆಲಸವಿಲ್ಲದಿದ್ದರೂ ಅದು ತನ್ನಷ್ಟಕ್ಕೆ ಇಳಿಯುತ್ತದೆ. ಹೀಗೆ ಇಳಿದು ನಿಂತರೆ ಸೀಸದ ಫಲಕಗಳ ಮೇಲೆ ಬಿಳಿಯ ಹರಳು ಗಟ್ಟಿಯಾಗಿ, ಮುಂದೆ ಎಷ್ಟು ಚಾರ್ಜು ಮಾಡಿದರೂ ಬ್ಯಾಟರಿ ಮೊದಲಿನಂತಾಗದು. ತುಂಬಿದ 12 ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುತ್ತದೆ, 12.4ಕ್ಕೆ ಬಂದರೆ ಮತ್ತೆ ಚಾರ್ಜು ಮಾಡಿಸಬೇಕು. ತಿಂಗಳಿಗೊಮ್ಮೆ ನೋಡಿದರೆ ಸಾಕು. ಬಿಚ್ಚುವಾಗ ಯಂತ್ರದ ಮೈಗೆ ಜೋಡಿಸಿದ ತಂತಿ ಮೊದಲು, ಕೂಡಿಸುವಾಗ ಅದೇ ಕಡೆಗೆ. ಇಲ್ಲವಾದರೆ ಪಾನಾ ತಗುಲಿ ಕಿಡಿ ಹಾರೀತು. ಚಾರ್ಜಾಗುವಾಗ ಹೊರಡುವ ಅನಿಲ ಸಿಡಿಯುವಂಥದು, ಹತ್ತಿರ ಬೀಡಿ ಬೇಡ. ಸಿಮೆಂಟು ನೆಲದ ಮೇಲಿಟ್ಟರೆ ಕರೆಂಟು ಇಳಿದುಹೋಗುತ್ತದೆಂಬ ಮಾತು ಹಳೆಯ ಕಟ್ಟಿಗೆ, ರಬ್ಬರು ಪೆಟ್ಟಿಗೆಗಳ ಕಾಲದ್ದು. ಇಂದಿನ ಪ್ಲಾಸ್ಟಿಕ್ ಬ್ಯಾಟರಿಗೆ ಅದು ತಟ್ಟದು.

ಇನ್ನು ಒಂದು ಹುಸಿ ಉಪಚಾರವುಂಟು. ವಾರಕ್ಕೊಮ್ಮೆ ಎರಡು ನಿಮಿಷ ಚಾಲೂ ಮಾಡಿ ಬಂದ್ ಮಾಡುವುದು. ನಾವೂ ಹಿಂದೆ ಇದನ್ನೇ ಜೋಪಾನವೆಂದು ತಿಳಿದಿದ್ದೆವು. ಎಂಜಿನ್ ಪೂರ್ಣ ಬಿಸಿಯಾಗದೆ ನಿಂತರೆ ಉರಿದ ಅನಿಲದೊಳಗಿನ ನೀರು ಸೈಲೆನ್ಸರಿನಲ್ಲಿಯೂ ಎಣ್ಣೆಯಲ್ಲಿಯೂ ಉಳಿಯುತ್ತದೆ. ಚಾಲೂ ಮಾಡಲು ಬ್ಯಾಟರಿ ಕೊಟ್ಟದ್ದು ಎರಡು ನಿಮಿಷದಲ್ಲಿ ತಿರುಗಿ ಬರುವುದಿಲ್ಲ. ಓಡಿಸುವುದಾದರೆ ಅರ್ಧ ಗಂಟೆ ಹೊರಗೆ ಒಯ್ದು ಚೆನ್ನಾಗಿ ಓಡಿಸಿರಿ, ಇಲ್ಲವೇ ಮುಟ್ಟಲೇಬೇಡಿರಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ಚಾಲೂ ಇಡಬಾರದು. ಹೊಗೆಯೊಳಗಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯ ತಲೆ ತಿರುಗಿ ಬಿದ್ದಲ್ಲೇ ಸಾಯುತ್ತಾನೆ.

ಕ್ಲಚ್ಚಿಗೆ ಖರ್ಚೇ ಇಲ್ಲದ ಉಪಾಯವಿದೆ. ಪೆಡಲನ್ನು ಪೂರ್ಣ ಒತ್ತಿ ಒಂದು ಕಟ್ಟಿಗೆಯ ತುಂಡು ಕೊಟ್ಟು ಹಾಗೆಯೇ ಹಿಡಿದಿಡುವುದು. ಕೆಲವು ಟ್ರ್ಯಾಕ್ಟರುಗಳಲ್ಲಿ ಇದಕ್ಕೆಂದೇ ಕೊಕ್ಕೆಯಿರುತ್ತದೆ. ತಟ್ಟೆ ಬಿಡಿಯಾಗಿದ್ದರೆ ಅಂಟಿಕೊಳ್ಳದು. ಆ ತುಂಡು ಕಟ್ಟಿಗೆ ನಮ್ಮ ಒಂದು ಕಂತಿನ ಹಣ ಉಳಿಸಬಹುದಾಗಿತ್ತು! ಗಾಲಿಗೆ ಬ್ರೇಕಿನ ಬದಲು ಕಲ್ಲು ಕೊಡಿರಿ, ಗಾಳಿ ಸರಿಯಾಗಿ ತುಂಬಿಸಿರಿ, ಟಾಯರಿಗೆ ಬಿಸಿಲೂ ಎಣ್ಣೆಯೂ ತಾಗದಿರಲಿ.

ಶೆಡ್ಡು ಕಣಿಕೆಯ ಬಣವೆಗೆ ಹತ್ತಿದ್ದರೆ ಇಲಿಗೆ ಒಳ್ಳೆಯ ಬೀಡಾರ. ಇಲಿ ತಂತಿ ಕಡಿಯುತ್ತದೆ, ಗಾಳಿ ಸೋಸುವ ಡಬ್ಬಿಯಲ್ಲಿ ಗೂಡು ಕಟ್ಟುತ್ತದೆ. ಸೈಲೆನ್ಸರಿನ ಬಾಯಿಗೆ ತಗಡಿನ ಡಬ್ಬಿ ಮುಚ್ಚಿರಿ. ಮೇಲೆ ಹೊದಿಸಲು ಅರಿವೆ ಒಳ್ಳೆಯದು. ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದರೆ ಒಳಗೇ ಬೆವರುತ್ತದೆ.

ಪುಣೆ, ಮುಂಬಯಿಯಲ್ಲಿರುವ ಮಕ್ಕಳು ಊರಲ್ಲಿ ಬಿಟ್ಟುಹೋದ ಕಾರಿಗೂ ಬಹುಪಾಲು ಇದೇ ಕ್ರಮ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು: 2023ರಿಂದ ನಮ್ಮ ದೇಶದಲ್ಲಿ ಬರತೊಡಗಿದ ಇ-20 ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲು ನೀರನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲಿನ ಸಣ್ಣ ಪಂಪು, ಔಷಧಿ ಸಿಂಪಡಿಸುವ ಯಂತ್ರಗಳ ಟಾಕಿಯನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಯೇ ಇಡುವುದು ಲೇಸು. ನೀಲಗಿರಿಯ ಕಡೆಗೆ ನಂಟರಿದ್ದವರು ಅವರಿಗೆ ಇನ್ನೊಂದು ಮಾತು ತಿಳಿಸಲಿ: ಉದಕಮಂಡಲದ ಸುತ್ತ ಚಳಿಗಾಲದಲ್ಲಿ ಹಿಮ ಬೀಳುವುದುಂಟು, ಅಲ್ಲಿ ರೇಡಿಯೇಟರಿನಲ್ಲಿ ಬರಿಯ ನೀರು ಬೇಡ, ಕೂಲಂಟು ಇರಲಿ. ಬಯಲುಸೀಮೆಯ ನಮಗೂ ಜಂಗು ತಡೆಯಲು ಅದೇ ಉತ್ತಮ.

ರಾಶಿಗೆ ಎಂಟು ದಿನ ಮೊದಲೇ ಟ್ರ್ಯಾಕ್ಟರನ್ನು ಎಬ್ಬಿಸಿರಿ, ಕೊರತೆಯಿದ್ದರೆ ತಿದ್ದಲು ವೇಳೆ ಸಿಗುತ್ತದೆ. ಎಣ್ಣೆ, ನೀರು ನೋಡಿ, ಡೀಸೆಲ್ ಜಾಲರಿಯ ತಳದ ನೀರನ್ನು ಹೊರಬಿಡಿರಿ. ನಿಲ್ಲಿಸುವ ಗುಂಡಿಯಿರುವ ಟ್ರ್ಯಾಕ್ಟರಾದರೆ ಅದನ್ನು ಎಳೆದಿಟ್ಟು ನಾಲ್ಕಾರು ಸೆಕೆಂಡು ತಿರುಗಿಸಿದರೆ ಎಣ್ಣೆ ಮೇಲೇರುತ್ತದೆ. ಆಮೇಲೆ ಚಾಲೂ ಮಾಡಿರಿ. ಸೈಲೆನ್ಸರಿನ ಡಬ್ಬಿ, ಕ್ಲಚ್ಚಿನ ಕಟ್ಟಿಗೆ, ಗಾಲಿಯ ಕಲ್ಲು, ಬಿಚ್ಚಿದ ತಂತಿ ಇವುಗಳ ನೆನಪಿಗೆ ಒಂದು ಚೀಟಿ ಬರೆದು ಚಾವಿಗೆ ಕಟ್ಟಿಡಿರಿ. ನಮ್ಮ ಮನೆಯ ಚೀಟಿ ಕನ್ನಡದಲ್ಲಿದೆ.